ನಮ್ಮ ರಸ್ತೆಯಲ್ಲಿ ನಿಲ್ಲಬಾರದು

ಹಿಂದೆ ಯಾರೋ ಬರುತ್ತಿದ್ದಾರೆ. ನಾನು ಜೋರಾಗಿ ನಡೆದರೆ ಅವರೂ ಜೋರು, ನಿಧಾನಿಸಿದರೆ ಅವರೂ ನಿಧಾನ. ಮಾತಿಲ್ಲ, ಕೆಮ್ಮಿಲ್ಲ, ಚಪ್ಪಲಿ ಸದ್ದು ಮಾತ್ರ.

ಇದು ಕಾಡಲ್ಲ ಸ್ವಾಮಿ, ರಾಮಮೂರ್ತಿ ನಗರ. ಮೊನ್ನೆ ಸಂಜೆ, ಬಸ್ ಇಳಿದು ಮನೆಗೆ ಹೋಗುವ ನಮ್ಮದೇ ಕ್ರಾಸ್ ರೋಡು.

ಈ ರಸ್ತೆಗೊಂದು ಕಮಿಟಿ ಇದೆ. (ನಮ್ಮನೆಯವರೇ ಸೆಕ್ರೆಟರಿ. ಮನೆಯ ಬಲ್ಬ್ ಬದಲಾಯಿಸಲು ಪುರುಸೊತ್ತಿಲ್ಲದವರು.) ಸುಳ್ಳು ಹೇಳಬಾರದು, ಕೆಲಸ ಮಾಡಿದ್ದಾರೆ. ಮೋರಿಗೆ ಚಪ್ಪಡಿ ಬಿತ್ತು, ಕಸದ ಗುಡ್ಡೆ ಹೋಯಿತು, ಕಂಬಕ್ಕೊಂದು ಕ್ಯಾಮೆರಾ ಬಂತು. ಆಮೇಲೆ ಬೀದಿ ವ್ಯಾಪಾರದವರನ್ನೂ ಎಬ್ಬಿಸಿದರು. 'ಇಲ್ಲಿ ನಿಲ್ಲಬಾರದು, ಕೂಗಬಾರದು' ಅಂತ ಬೋರ್ಡು. ಈಗ ಸಂಜೆಯಾದರೆ ಲೈಟುಗಳು ಉರಿಯುತ್ತವೆ, ಮನುಷ್ಯರಿಲ್ಲ. ಇಷ್ಟು ಬೆಳಕಿನಲ್ಲಿ ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ತಡೆಯಲಾಗದೆ ಕಂಬದ ಕೆಳಗೆ ನಿಂತು ತಿರುಗಿದೆ. ತುಂತುರು ಮಳೆ, ತಲೆ ಮೇಲೆ ದುಪಟ್ಟಾ.

ಶರಣಮ್ಮ. ಯಾದಗಿರಿ ಕಡೆಯಿಂದ ಬಂದು, ಪಕ್ಕದ ಬೀದಿಯ ಬಾಡಿಗೆ ರೂಮಿನಲ್ಲಿದ್ದು, ಇಲ್ಲೇ ಮೂಲೆಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದವಳು. ಸೊಂಟದಲ್ಲಿ ಬುಟ್ಟಿ.

"ಒಂದ್ಸಲ ಕರೀಬಾರ್ದಾ ಶರಣಮ್ಮ? ಜೀವವೇ ಹೋಯ್ತು ನಂಗೆ."

"ಕೂಗಬ್ಯಾಡ ಅಂದಾರಲ್ರೀ ಅಕ್ಕಾರ. ನೀವ ತಿರುಗಿ ನೋಡಿ ತಗೋತೀರೇನೋ ಅಂತ ಹಿಂದ ಬಂದೆ."

ಹೇಳುತ್ತಾ ಹೇಳುತ್ತಾ ಅವಳು ನನ್ನ ಸುತ್ತ ನಡೆಯುತ್ತಲೇ ಇದ್ದಳು. ಒಂದು ಸುತ್ತು, ಇನ್ನೊಂದು ಸುತ್ತು. ಕಣ್ಣು ಕ್ಯಾಮೆರಾ ಮೇಲೆ.

"ನಿಂತ್ಕೊಳಮ್ಮ, ನೋಡಕ್ಕಾಗ್ತಿಲ್ಲ."

"ನಿಲ್ಲಂಗಿಲ್ರೀ. ನಡಿಯಾಕ ಯಾರೂ ಬ್ಯಾಡ ಅಂದಿಲ್ಲ. ಈ ವಾರ ಹಿಂಗ ತಿರುಗಿ ನೋಡ್ತೀನಿ. ರೊಟ್ಟಿ ಹೋಗ್ಲಿಲ್ಲಂದ್ರ ರೂಮ್ ಖಾಲಿ ಮಾಡಿ ಊರಿಗೆ ಹೋಗೂದ."

ನಡೆಯುತ್ತಲೇ ರೊಟ್ಟಿ ಕೊಟ್ಟಳು, ನಡೆಯುತ್ತಲೇ ದುಡ್ಡು ತೆಗೆದುಕೊಂಡಳು, ತಿರುವಿನಲ್ಲಿ ಮರೆಯಾದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಇದೇನು ಬದುಕು? ಸಂಕಟವಾಯಿತು, ಸಿಟ್ಟೂ ಬಂತು.

ಸೆಕ್ರೆಟರಿಗೆ ಮಂಗಳಾರತಿ ಮಾಡಬೇಕೆಂದೇ ಮನೆಗೆ ಬಂದೆ. ಅವರು ಮೊಬೈಲ್‌ನಲ್ಲಿ ಮುಳುಗಿದ್ದರು. ಕಮಿಟಿ ಗ್ರೂಪಿಗೆ ಯಾರೋ ಕ್ಯಾಮೆರಾದ ಫೋಟೊ ಹಾಕಿದ್ದರು: 'ಅನುಮಾನಾಸ್ಪದ ಮಹಿಳೆ ನಮ್ಮ ರಸ್ತೆಯಲ್ಲಿ ನಿಂತಿದ್ದಾಳೆ.' 'ಕ್ರಮ ಕೈಗೊಳ್ಳಲಾಗುವುದು' ಎಂದು ನಮ್ಮವರ ಉತ್ತರವೂ ಹೋಗಿತ್ತು.

ಫೋಟೊ ನೋಡಿದೆ. ಮುಖ ಮಸುಕು. ಕಂಬದ ಕೆಳಗೆ, ತಲೆ ಮೇಲೆ ದುಪಟ್ಟಾ ಹೊದ್ದು, ಒಬ್ಬಳೇ ಅಲುಗಾಡದೆ ನಿಂತಿರುವುದು ನಾನು.

ಶರಣಮ್ಮನನ್ನೇನೋ ಊರಿಗೆ ಓಡಿಸುತ್ತೀರಿ. ನನ್ನನ್ನು ಎಲ್ಲಿಗೆ ಎತ್ತಂಗಡಿ ಮಾಡುತ್ತೀರಿ, ಸೆಕ್ರೆಟರಿಗಳೇ?