ಮುಸ್ಸಂಜೆ ಬರುವ ಕಸದ ಗಾಡಿ

ಮೊನ್ನೆ ಸಂಜೆ ನಮ್ಮತ್ತೆ ನನ್ನ ಕೈಯಲ್ಲಿದ್ದ ಕಸದ ಬಕೆಟ್ಟನ್ನು ಬಾಗಿಲಲ್ಲೇ ಕಿತ್ತುಕೊಂಡರು. ನನ್ನ ಒಂದು ಕಾಲು ಹೊಸಿಲಿನಾಚೆ, ಇನ್ನೊಂದು ಈಚೆ. ಬೀದಿಯಲ್ಲಿ ಗಾಡಿಯವಳು ಒಂದೇ ಸಮನೆ ವಿಷಲ್ ಊದುತ್ತಿದ್ದಾಳೆ.

"ದೀಪ ಹಚ್ಚಿದೀನಿ, ಕಾಣಲ್ವೇನೇ? ಈಗ ಕಸ ಹೊರಗೆ ಹಾಕಿದ್ರೆ ಮನೇಲಿ ಲಕ್ಷ್ಮಿ ನಿಲ್ತಾಳಾ?"

"ಗಾಡಿ ಬರೋದೇ ಈಗ ಅತ್ತೆ."

"ಅದು ಗಾಡಿಯವರ ಕರ್ಮ."

ಬಕೆಟ್ಟು ಅಡುಗೆಮನೆಗೆ ವಾಪಸ್. ಗಾಡಿ ಮುಂದಕ್ಕೆ. ಎದುರು ಮನೆಯಲ್ಲೂ ಅದೇ, ಪಕ್ಕದ ಮನೆಯಲ್ಲೂ ಅದೇ. ಇಡೀ ಬೀದಿ ಸುತ್ತಿದರೂ ಆ ಹೆಂಗಸಿಗೆ ಸಿಕ್ಕಿದ್ದು, ನಮ್ಮ ಬಾಗಿಲಿಂದ ನನಗೆ ಕಂಡಂತೆ, ಮೂಲೆಮನೆ ಬ್ಯಾಚುಲರ್ ಹುಡುಗರ ಒಂದು ಪ್ಲಾಸ್ಟಿಕ್ ಕವರ್. (ಅವರ ಮನೆಯಲ್ಲಿ ದೀಪವೂ ಇಲ್ಲ, ಲಕ್ಷ್ಮಿಯೂ ಇಲ್ಲ.)

ತುಮಕೂರಿನ ನಮ್ಮ ಬೀದಿಗೆ ಮನೆಬಾಗಿಲಿಗೇ ಬಂದು ಕಸ ಒಯ್ಯುವ ತಳ್ಳುಗಾಡಿ ಶುರುವಾಗಿ ಎರಡು ತಿಂಗಳಾಗಿದೆ. ಮೂಲೆಯಲ್ಲಿದ್ದ ಸಿಮೆಂಟಿನ ಕಸದ ತೊಟ್ಟಿಯನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದ ದಿನ ನಾವೆಲ್ಲ ಗೇಟಿಗೆ ಬಂದು ನಿಂತು ನೋಡಿದ್ದೆವು. ಇನ್ನೇನು ನಮ್ಮ ಬೀದಿ ಫಾರಿನ್ ಆಗಿಬಿಟ್ಟಿತು ಅಂತ ಎಲ್ಲರಿಗೂ ಖುಷಿಯೋ ಖುಷಿ. ಆದರೆ ಬೆಳಗ್ಗೆ ಗಾಡಿಗಳೆಲ್ಲ ಮಾರ್ಕೆಟ್ಟು, ಬಸ್‌ಸ್ಟ್ಯಾಂಡು, ಮೇನ್ ರೋಡು ಮುಗಿಸಬೇಕು. ನಮ್ಮ ಬೀದಿ ಬಾಲದಲ್ಲಿದೆ. ಬಾಲದ ಹೊತ್ತಿಗೆ ಮುಸ್ಸಂಜೆ. ಟೈಮ್ ಬದಲಾಯಿಸಿ ಅಂತ ಸೂಪರ್‌ವೈಸರನ್ನು ಕೇಳಿದ್ದೂ ಆಯಿತು. "ಎಲ್ರೂ ಬೆಳಗ್ಗೇನೇ ಬೇಕು ಅಂದ್ರೆ ಅಷ್ಟು ಗಾಡಿ ಎಲ್ಲಿಂದ ತರ್ಲಿ ಮೇಡಂ?" ಅಂದರು. ಅದೂ ನಿಜವೇ.

ನಮ್ಮತ್ತೆ ಹುಟ್ಟಿ ಬೆಳೆದದ್ದು ಕಡಬ ಅನ್ನುವ ಹಳ್ಳಿಯಲ್ಲಿ. ಅಲ್ಲಿ ಕಸಕ್ಕೆ ಗಾಡಿಯೂ ಇಲ್ಲ, ವಿಷಲ್ಲೂ ಇಲ್ಲ. ಬೆಳಗಾಗೆದ್ದು ಗುಡಿಸಿ ಹಿತ್ತಲ ತಿಪ್ಪೆಗೆ ಹಾಕಿದರೆ ವರ್ಷ ತುಂಬುವಷ್ಟರಲ್ಲಿ ಗೊಬ್ಬರವಾಗಿ ತೆಂಗಿನ ಬುಡ ಸೇರುತ್ತಿತ್ತು. ಸಿಟಿಗೆ ಬಂದರೂ ಅವರ ಶಿಸ್ತು ತಪ್ಪಿಲ್ಲ. ಹಾಲಿನ ಕವರುಗಳನ್ನು ತೊಳೆದು, ಬಟ್ಟೆ ತಂತಿಗೆ ಕ್ಲಿಪ್ ಹಾಕಿ ಒಣಗಿಸಿ, ಗುಜರಿಯವನು ಬರುವತನಕ ಖಾಲಿ ಸೀಸೆಗಳ ಜೊತೆ ಮಂಚದ ಕೆಳಗೆ ಕಾಪಾಡುತ್ತಾರೆ. (ಅವು ಕಸವಲ್ಲವಂತೆ. ಅವು ಲಕ್ಷ್ಮಿಯ ಪಾರ್ಟಿ.)

ಉಳಿದ ಕಸದ ಗತಿ? ರಾತ್ರಿಯೆಲ್ಲ ಅಡುಗೆಮನೆಯಲ್ಲಿ ಕೊಳೆಯುತ್ತದೆ. ಬೆಳಗ್ಗೆ ಒಬ್ಬೊಬ್ಬರೇ ಕ್ಯಾರಿಬ್ಯಾಗಿಗೆ ತುಂಬಿ ಗಂಟು ಹಾಕಿ, ಮೊದಲು ತೊಟ್ಟಿ ಇದ್ದ ಜಾಗದಲ್ಲೇ ಎಸೆದು ಬರುತ್ತಾರೆ. ತೊಟ್ಟಿ ಹೋಗಿದ್ದು ತಲೆಗೆ ಗೊತ್ತು. ಕಾಲಿಗೆ ಗೊತ್ತಾಗಬೇಡವೇ?

ಆ ಜಾಗ ಇರುವುದು ಶಾಂತಕ್ಕನ ಕಿಟಕಿಯ ಕೆಳಗೆ.

ಶಾಂತಕ್ಕ ನಮ್ಮ ಬೀದಿಯ ಟೈಲರ್. ನಮ್ಮೆಲ್ಲರ ರವಿಕೆಯ ಅಳತೆ ಅವರ ಬಾಯಲ್ಲಿದೆ. ಇರುವುದು ಒಂದೇ ಕೋಣೆ, ಅದಕ್ಕೆ ಒಂದೇ ಕಿಟಕಿ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಆ ಕಿಟಕಿಯನ್ನು ಅವರು ತೆರೆದಿರಲೇ ಇಲ್ಲ. ನೊಣ, ನಾತ, ತೊಟ್ಟಿಗೆ ಮೂತಿ ಹಾಕುವ ಹಸುಗಳು. ಹಗಲಲ್ಲೂ ಟ್ಯೂಬ್‌ಲೈಟ್. ಕರೆಂಟು ಹೋದರೆ ಕೆಲಸ ಬಂದ್. ತೊಟ್ಟಿ ಹೋದ ಮಾರನೆಯ ದಿನ ಕಿಟಕಿಯ ತುಕ್ಕು ಹಿಡಿದ ಚಿಲಕವನ್ನು ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿಸಿ, ಮೆಷಿನ್ನನ್ನು ಬೆಳಕಿಗೆ ಎಳೆದುಕೊಂಡರು. ಆ ವಾರ ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೂ ಹೊಟ್ಟೆ ತುಂಬಿತ್ತು. ಈಗ ಅರ್ಧ ಕಿಟಕಿ ಮತ್ತೆ ಮುಚ್ಚಿದೆ.

ನಿನ್ನೆ ಸಂಜೆ ಗಾಡಿಯವಳು ವಿಷಲ್ ಊದಲಿಲ್ಲ. ಬೀದಿಯ ನಡುವೆ ಗಾಡಿ ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದಳು: "ಅಕ್ಕೋರೇ, ಈ ಬೀದೀಲಿ ಯಾರೂ ಕಸ ಕೊಡಾಕಿಲ್ಲ ಅಂತ ಸಾಹೇಬ್ರು ಸೋಮವಾರದಿಂದ ನನ್ನ ಬೇರೆ ಕಡೆ ಹಾಕವ್ರೆ. ಇಲ್ಲಿಗೆ ಮತ್ತೆ ತೊಟ್ಟಿ ತಂದಿಡ್ತಾರಂತೆ."

ನಾವೆಲ್ಲ ಬಾಗಿಲಿಗೆ ಬಂದು ನಿಂತೆವು. ನಮ್ಮ ಬೆನ್ನ ಹಿಂದೆ ದೇವರ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಶಾಂತಕ್ಕ ಮೆಷಿನ್ ಬಿಟ್ಟು ಎದ್ದು ಬಂದರು. ವಿಭೂತಿ ಹಚ್ಚದೆ ಒಂದು ಲೋಟ ನೀರೂ ಕುಡಿಯದ ಹೆಂಗಸು. ಇಷ್ಟು ವರ್ಷದಲ್ಲಿ ಅವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ನಿನ್ನೆಯೂ ಎತ್ತಲಿಲ್ಲ.

"ಅಲ್ಲಾ, ಕಸದ ಜೊತೆ ಲಕ್ಷ್ಮಿ ಹೋಗ್ಬಿಡ್ತಾಳೆ ಅಂತ ರಾತ್ರಿಯೆಲ್ಲ ಒಳಗಿಟ್ಕೋತೀರ. ಬೆಳಗ್ಗೆ ಎದ್ದು ನನ್ನ ಕಿಟಕಿ ಕೆಳಗೆ ಸುರೀತೀರ. ಹಂಗಾದ್ರೆ ಇಷ್ಟೊತ್ತಿಗೆ ನಿಮ್ಮೆಲ್ಲರ ಲಕ್ಷ್ಮಿನೂ ನಮ್ಮನೇಲೇ ಇರ್ಬೇಕಿತ್ತಲ್ವಾ? ನಾನ್ಯಾಕೆ ಇನ್ನೂ ನಿಮ್ಮ ರವಿಕೆಗೆ ಹುಕ್ಕು ಹಾಕ್ತಾ ಕೂತಿದೀನಿ?"

ಯಾರೋ ಕಿಸಕ್ಕೆಂದರು. ನಮ್ಮತ್ತೆ ಮಾತ್ರ ನಗಲಿಲ್ಲ. "ದೀಪ ಅಂದ್ರೆ ತಮಾಷೆ ಅಲ್ಲ ಶಾಂತಾ. ನೀನೇ ಹಿಂಗಂದ್ರೆ ಹೆಂಗೆ?"

"ದೀಪ ಹಚ್ಚಬ್ಯಾಡಿ ಅಂದ್ನಾ ಅಮ್ಮಾ? ಗಾಡಿ ಹೋಗ್ಲಿ, ಆಮೇಲೆ ಹಚ್ಚಿ. ನಾನು ಹಂಗೇ ಮಾಡ್ತಾ ಇದೀನಿ. ಕಿಟಕಿ ತೆಗೆದಾಗ್ಲಿಂದ."

ನಮ್ಮತ್ತೆ ಒಮ್ಮೆ ಒಳಗಿನ ದೀಪದ ಕಡೆ ನೋಡಿದರು, ಒಮ್ಮೆ ಶಾಂತಕ್ಕನ ಕಿಟಕಿಯ ಕಡೆ ನೋಡಿದರು. ಅವರ ಮನಸ್ಸಿನಲ್ಲಿ ಏನೇನು ನಡೆಯಿತೋ ನನಗೆ ಗೊತ್ತಿಲ್ಲ. ನಾನು ಬಾಯಿ ಹಾಕಿದ್ದರೆ ಕೆಟ್ಟೇಹೋಗುತ್ತಿತ್ತು ಅನ್ನುವುದು ಮಾತ್ರ ಗೊತ್ತು. (ಸೊಸೆ ಹೇಳಿದ ಸರಿಯಾದ ಮಾತು ಯಾವ ಮನೆಯಲ್ಲಿ ನಡೆದಿದೆ?) ಕೊನೆಗೆ ಗಾಡಿಯವಳ ಕಡೆ ತಿರುಗಿ, "ಇವತ್ತು ಆಗಲ್ಲ ಕಣವ್ವ, ಹಚ್ಚಾಯ್ತು. ನಾಳೆ ಬಾ. ನಿಮ್ಮ ಸಾಹೇಬ್ರಿಗೆ ನಾನು ಹೇಳ್ದೆ ಅಂತ ಹೇಳು" ಅಂದರು, ಸಾಹೇಬರು ತಮ್ಮ ತಂಗಿಯ ಮಗನೇ ಅನ್ನುವ ಹಾಗೆ.

ಇವತ್ತು ವಿಷಲ್ ಕೇಳಿಸಿದಾಗ ಬೀದಿಯಲ್ಲಿ ಒಂದು ಮನೆಯಲ್ಲೂ ದೀಪ ಹಚ್ಚಿರಲಿಲ್ಲ. ಬಕೆಟ್ಟುಗಳೆಲ್ಲ ಗೇಟಿನ ಹೊರಗೆ. ಗಾಡಿ ತುಂಬಿ ಮೇಲೆ ಗೋಣಿಚೀಲ ಕಟ್ಟಬೇಕಾಯಿತು. ನಮ್ಮತ್ತೆ ಮುಖ ತೊಳೆದು, ಬತ್ತಿಗೆ ಎಣ್ಣೆ ಹಾಕಿ, ಬೆಂಕಿಪೊಟ್ಟಣ ಹಿಡಿದುಕೊಂಡು ಗಾಡಿ ತಿರುವು ದಾಟುವುದನ್ನೇ ಕಾದರು. ಆಮೇಲೆ ಕಡ್ಡಿ ಗೀರಿ ದೀಪ ಹಚ್ಚಿದರು. "ತಪ್ಪಾಯ್ತು ತಾಯಿ, ಅರ್ಧ ಗಂಟೆ ಕಾಯಿಸ್ದೆ" ಅಂತ ಕೆನ್ನೆ ಬಡಿದುಕೊಂಡರು.

ದೇವರನ್ನು ಅರ್ಧ ಗಂಟೆ ಕಾಯಿಸಲು ಇಷ್ಟೊಂದು ಹೆದರುವ ನಮಗೆ, ಶಾಂತಕ್ಕನನ್ನು ಅಷ್ಟು ವರ್ಷ ಕಾಯಿಸುವಾಗ ಒಂದು ದಿನವಾದರೂ ಹೆದರಿಕೆಯಾಗಿತ್ತಾ?