ಅತ್ತೆ ಮಶೇರಿ ಬಿಟ್ಟಿದ್ದು

ನನ್ನ ಅತ್ತೆ ತಂಬಾಕನ್ನು ಕಾವಲಿಯ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುತ್ತಿದ್ದರು. ನಮ್ಮ ಕಡೆ ಅದಕ್ಕೆ ಮಶೇರಿ ಎನ್ನುತ್ತಾರೆ. ಚೆಂಡಿಯಾ ಊರಿನ ನಮ್ಮ ಗದ್ದೆ ನೌಕಾನೆಲೆಗೆಂದು ಸರ್ಕಾರದ ಪಾಲಾಗಿ ನಾವು ತೋಡೂರಿಗೆ ಬಂದ ಮೇಲೆ ಅವರಿಗೆ ಮಧ್ಯಾಹ್ನ ಮಾಡಲು ಕೆಲಸವಿರಲಿಲ್ಲ. ಬೆಳಗಿನ ಮಶೇರಿ ಮಧ್ಯಾಹ್ನಕ್ಕೂ ಸಂಜೆಗೂ ಬಂತು. ತಂಬಾಕು ಬಿಡಿ ಎಂದರೆ, "ನಾ ಎಲ್ಲಿ ತಂಬಾಕು ತಿಂತೆ? ಇದು ಹಲ್ಲುಪುಡಿ" ಎನ್ನುತ್ತಿದ್ದರು.

ಹೋದ ವರ್ಷ ಹಲ್ಲುನೋವೆಂದು ಅವರನ್ನು ಕಾರವಾರದ ದಂತವೈದ್ಯೆಯ ಬಳಿ ಕರೆದೊಯ್ದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮತ್ತೆ ಹೋದೆವು; ಕ್ಯಾನ್ಸರ್ ಇರಲಿಲ್ಲ.

"ಆದರೆ ತಿಕ್ಕುತ್ತಲೇ ಇದ್ದರೆ ಮುಂದೆ ಆಗಬಹುದು" ಎಂದರು ವೈದ್ಯೆ. "ನುಂಗದಿದ್ದರೂ ನಿಕೋಟಿನ್ ಒಸಡಿನಿಂದಲೇ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ಬೇಕು ಬೇಕು ಅನ್ನುವುದು ಅದೇ. ಆ ಆಸೆ ಬಂದಾಗ ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿ, ಇಳಿಯುತ್ತದೆ."

ಮರಳುವ ಬಸ್ಸಿನಲ್ಲಿ ಅತ್ತೆ ಟಿಕೆಟ್ ಮಡಚಿ ಸೆರಗಿಗೆ ಕಟ್ಟಿಕೊಂಡರು. ಆಮೇಲೆ, "ನೀ ಚಾ ಬಿಡು, ನಾ ಮಶೇರಿ ಬಿಡ್ತೆ" ಎಂದರು.

ಚಹಾ ಬಿಡುವುದು ಯಾವ ದೊಡ್ಡ ಮಾತು ಎಂದು ಒಪ್ಪಿದೆ. ಮರುದಿನ ಅಂಕೋಲೆಯ ಆಫೀಸಿನಲ್ಲಿ ತಲೆ ಸಿಡಿಯತೊಡಗಿತು. ಸಂಜೆ ಮನೆಗೆ ಬಂದರೆ ಅತ್ತೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಸಿಡುಕಿಯರು. ನನ್ನ ಗಂಡ ಅಂಗಳದಲ್ಲೇ ಕೂತು ಊಟ ಮಾಡಿದ.

ನನ್ನ ತಲೆನೋವು ವಾರದೊಳಗೆ ಹೋಯಿತು. ಅವರ ಪಾಡು ಹಾಗಲ್ಲ. ನಿದ್ದೆ ಇಲ್ಲ, ಹೊಟ್ಟೆ ಸರಿಯಿಲ್ಲ, ಬೆರಳು ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಆಸೆಯಾದಾಗೆಲ್ಲ ಎದ್ದು ಬಸಳೆಗೆ ನೀರು ಹಾಕುತ್ತಿದ್ದರು. ಬಸಳೆಯ ಬುಡ ಕೊಳೆಯಿತು. ಆಮೇಲೆ ಬಟ್ಟೆ ಒಗೆಯತೊಡಗಿದರು, ಒಗೆದದ್ದನ್ನೇ ಮತ್ತೆ.

ಬೊಬ್ರುವಾಡದಲ್ಲಿ ತಮ್ಮ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋದವರು ಅಲ್ಲಿ ತಿಕ್ಕಿಯೇಬಿಟ್ಟರು. ಮನೆಗೆ ಬಂದು ತಾವೇ ಹೇಳಿದರು. "ಎಲ್ಲ ಹೋಯ್ತು ಮಗಾ." ನಾನು ವೈದ್ಯೆಗೆ ಫೋನ್ ಮಾಡಿ ಕೊಟ್ಟೆ. ಬಿಡುವವರಲ್ಲಿ ಬಹಳ ಜನ ಒಮ್ಮೆಯಾದರೂ ಜಾರುತ್ತಾರೆ, ನಾಳೆಯಿಂದ ಮತ್ತೆ ಬಿಡಿ ಎಂದರಂತೆ ಅವರು. ಅತ್ತೆ ಫೋನಿಟ್ಟು, "ಬೈಲಿಲ್ಲ ನೋಡು" ಎಂದು ಹಗುರಾದರು. ಮತ್ತೆ ಬಿಟ್ಟರು. ಮಚ್ಚೆ ಈಗ ಮಾಸುತ್ತಿದೆ. ಮೊನ್ನೆಯ ತಪಾಸಣೆಯಲ್ಲಿ ವೈದ್ಯೆಯೂ ನಕ್ಕರು.

ಆ ತಪಾಸಣೆಗಿಂತ ಮೊದಲೇ ಇನ್ನೊಂದಾಗಿತ್ತು. ಒಂದು ಮಧ್ಯಾಹ್ನ ಅತ್ತೆ ತಾವೇ ಮಾಡಿದ ಬಂಗುಡೆ ಸಾರು ಬಾಯಿಗಿಟ್ಟು ಮುಖ ಹಿಂಡಿದರು.

"ಇಷ್ಟು ಉಪ್ಪು ಯಾರು ಹಾಕಿದ್ದು?"

"ನೀವೇ. ಯಾವಾಗಲೂ ಇಷ್ಟೇ ಹಾಕ್ತಿದ್ರಿ" ಎಂದೆ. ತಂಬಾಕಿನಿಂದ ಜಡ್ಡುಗಟ್ಟಿದ್ದ ನಾಲಿಗೆಗೆ ರುಚಿ ಮರಳಿತ್ತು.

"ಇಷ್ಟು ವರ್ಷ ಯಾರೂ ಹೇಳ್ಲಿಲ್ಲ?"

"ಹೇಳೂಕೆ ಧೈರ್ಯ ಬೇಕಲ್ಲ, ಆಯಿ" ಎಂದ ನನ್ನ ಗಂಡ.

ಅತ್ತೆ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗ ಸಾರಿಗೆ ಹದವಾಗಿ ಉಪ್ಪು ಬೀಳುತ್ತದೆ. ಗಂಡನಿಗೆ ಮಾತ್ರ ಅದು ಸಪ್ಪೆ. ತಾಯಿ ಆಚೆ ತಿರುಗಿದಾಗ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾನೆ.