ತಮ್ಮನ ತಲೆಗೆ ಹಬ್ಬದ ನೀರು

ದೀಪಾವಳಿಗೆ ನನ್ನ ತಮ್ಮನಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ನನ್ನ ಹಕ್ಕು. ಅಮ್ಮ ಹೋದ ಮೇಲೆ ಅದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ, ಅವನ ಹೆಂಡತಿಗೂ. ಪ್ರತಿ ಹಬ್ಬಕ್ಕೂ ಬೂದಿಗೆರೆಯಿಂದ ಸಮೇತನಹಳ್ಳಿಗೆ ಬಂದು, ಸೀರೆ ಎತ್ತಿ ಕಟ್ಟಿ, ಅವನು ಬೊಬ್ಬೆ ಹೊಡೆಯುವಷ್ಟು ಬಿಸಿನೀರು ಹುಯ್ಯುತ್ತಿದ್ದೆ.

ಈ ಸಲ ನೀರೇ ಶತ್ರು. ಅವನ ಹೃದಯ ಸೋತಿದೆ. ಬೇರೆ ಹೃದಯ ಸಿಗುವವರೆಗೆ ರಕ್ತ ತಳ್ಳಲು ಎದೆಯೊಳಗೆ ಒಂದು ಪಂಪು ಕೂರಿಸಿದ್ದಾರೆ. ಅದರ ವೈರು ಹೊಟ್ಟೆಯ ಪಕ್ಕದಿಂದ ಹೊರಬಂದು, ಹೆಗಲಿಗೆ ಹಾಕಿಕೊಳ್ಳುವ ಬ್ಯಾಟರಿ ಚೀಲಕ್ಕೆ ಸೇರುತ್ತದೆ. ಆ ಜಾಗ ನೆನೆದು ಕೀವು ಕಟ್ಟಿದರೆ, ಬಂದ ಹೃದಯವೂ ಬೇರೆಯವರ ಪಾಲಾಗಬಹುದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಅವನಿಗೆ ಸ್ನಾನ.

“ಎಣ್ಣೆನೀರಿಲ್ದೆ ಅದೆಂಥ ಹಬ್ಬ?” ಎಂದು ಮುಖ ಊದಿಸಿಕೊಂಡು ಕೂತೆ. ಮುನಿಸಿಕೊಳ್ಳುವ ವಯಸ್ಸಲ್ಲ ನನ್ನದು, ಗೊತ್ತು. ತಮ್ಮನ ಹೆಂಡತಿ ಸದ್ದಿಲ್ಲದೆ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು.

“ತಲೆಗೆ ಮಾತ್ರ ಹಾಕ್ಬಹುದಂತೆ ಅತ್ತಿಗೆ. ವೈರಿನ ಹತ್ರ ಒಂದ್ ಹನೀನೂ ಹೋಗ್ಬಾರ್ದಂತೆ.”

ಬಿಸಿಲು ಬಂದ ಮೇಲೆ ಅಂಗಳದಲ್ಲಿ ಮಂಚ ಹಾಕಿ ಮಲಗಿಸಿದೆವು. ತಲೆ ಮಂಚದಿಂದ ಆಚೆ, ಕೆಳಗೆ ಬಕೆಟ್ಟು. ಭುಜಕ್ಕೆ ಟವೆಲ್ ಸುತ್ತಿ, ಮೈಮೇಲೆ ಮಳೆಕೋಟು ಹೊದಿಸಿದ್ದು ಸಾಲದೆಂದು ಅವಳು ಕೊಡೆಯನ್ನೂ ಬಿಚ್ಚಿ ಹಿಡಿದಳು.

“ಯಾರಾದ್ರೂ ನೋಡಿದ್ರೆ ಏನಂದ್ಕೋತಾರಕ್ಕ?”

“ಬಾಯ್ಮುಚ್ಕೊಂಡ್ ಮಲ್ಕೊಳ್ಳೋ” ಎಂದು ನೆತ್ತಿಗೆ ಎಣ್ಣೆ ತಟ್ಟಿದೆ.

ಸೀಗೆಪುಡಿ ಹಚ್ಚಿ, ಉಗುರುಬೆಚ್ಚಗಿನ ನೀರನ್ನು ಒಂದೊಂದೇ ಚೊಂಬು ಹುಯ್ದೆ. ಬೊಬ್ಬೆಯೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಅಷ್ಟು ಸುಮ್ಮನಿರುವ ಆಸಾಮಿಯಲ್ಲ ಅವನು. ಕಿವಿಯ ಹಿಂದೆ ತೊಳೆಯುವಾಗ ಬೆರಳು ಕುತ್ತಿಗೆಗೆ ತಾಗಿತು. ನಾಡಿ ಇಲ್ಲ!

ಪಂಪು ರಕ್ತವನ್ನು ಒಂದೇ ಸಮನೆ ಹರಿಸುವುದರಿಂದ ಅವನ ನಾಡಿ ಕೈಗೆ ಸಿಗುವುದಿಲ್ಲ ಎಂದು ನಮಗೆಲ್ಲ ಮೊದಲೇ ಹೇಳಿಕೊಟ್ಟಿದ್ದರು. ಆ ಗಳಿಗೆಯಲ್ಲಿ ಅದು ಮರೆತೇಹೋಯಿತು. ಚೊಂಬು ಬಿಸಾಕಿ, ಮಳೆಕೋಟು ಸರಿಸಹೋದೆ.

“ಕೈ ಒದ್ದೆ ಅತ್ತಿಗೆ!” ಎಂದು ಅವಳು ಕಿರುಚಿದಳು.

ಕೈ ಹಿಂದಕ್ಕೆ ಕಟ್ಟಿಕೊಂಡು, ಮಳೆಕೋಟಿನ ಮೇಲೆಯೇ ಅವನ ಎದೆಗೆ ಕಿವಿಯಿಟ್ಟೆ. ಒಳಗೆ ಪಂಪು ಗುಂಯ್ ಎನ್ನುತ್ತಿತ್ತು. ನನ್ನ ಜೀವ ವಾಪಸು ಬಂತು. ತಲೆ ಎತ್ತಲು ಮನಸ್ಸೇ ಬರಲಿಲ್ಲ.

“ಇದ್ದೀನಿ ಕಣಕ್ಕ” ಎಂದ ತಮ್ಮ, ಕಣ್ಣು ತೆರೆಯದೆ. “ಇನ್ನೆರಡು ಚೊಂಬು ಹಾಕು. ಬಿಸಿ ಸಾಲ್ದು.”

“ಹೊಸ ಹೃದಯ ಬರ್ಲಿ, ಬಚ್ಚಲಲ್ಲಿ ಕೂರಿಸಿ ಹುಯ್ತೀನಿ. ಬೊಬ್ಬೆ ಹೊಡೀಬೇಕು ನೀನು” ಎಂದು ಬೈಯುತ್ತಲೇ ಚೊಂಬು ಹುಡುಕಿದೆ.